ನಾಲ್ಕನೇ ಡೌನಿನ ಮೇಷ್ಟ್ರುಗಳು

2015ರ ಅಕ್ಟೋಬರ್ 17, ಶನಿವಾರ. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರು. ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಲಕ್ಷಕ್ಕೂ ಹೆಚ್ಚು ಜನ. ಮಿಷಿಗನ್ ತಂಡ ನೆರೆಯ ಮಿಷಿಗನ್ ಸ್ಟೇಟ್ ವಿರುದ್ಧ 23–21ರಿಂದ ಮುಂದಿದೆ, ಚೆಂಡೂ ಅದರ ಬಳಿಯೇ ಇದೆ. ಗಡಿಯಾರದಲ್ಲಿ ಉಳಿದಿರುವುದು ಹತ್ತೇ ಸೆಕೆಂಡು. ಚೆಂಡನ್ನು ದೂರಕ್ಕೆ ಒದ್ದುಬಿಟ್ಟರೆ ಗೆದ್ದಂತೆಯೇ. ಕೆಲವರು ಆಗಲೇ ಮನೆಗೆ ಹೊರಡಲು ಎದ್ದು ನಿಂತಿದ್ದಾರೆ.

ಒದೆಯಬೇಕಿದ್ದ ಆಟಗಾರನಿಗೆ ಚೆಂಡು ತುಸು ಕೆಳಕ್ಕೆ ಬಂತು. ಕೈಗೆ ಸಿಕ್ಕಿದ್ದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಒದೆಯುವಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬಿದ್ದರು. ಗಾಳಿಗೆ ಪುಟಿದ ಚೆಂಡು ಮಿಷಿಗನ್ ಸ್ಟೇಟ್‌ನ ಜೇಲೆನ್ ವಾಟ್ಸ್-ಜಾಕ್ಸನ್ ಅವರ ತೋಳಿಗೆ ಬಂದು ಸೇರಿತು. ಅವರು 38 ಗಜ ಓಡಿ ಗೆರೆ ದಾಟಿದಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಅಂತಿಮ ಅಂಕ 27–23. ಗೆರೆ ದಾಟುವಾಗ ಬಿದ್ದ ಪೆಟ್ಟಿಗೆ ವಾಟ್ಸ್-ಜಾಕ್ಸನ್ ಅವರ ಸೊಂಟದ ಮೂಳೆ ಮುರಿದಿತ್ತು. ಗೆಲುವು ತಂದವರನ್ನು ಮೈದಾನದಿಂದ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಆ ಹತ್ತು ಸೆಕೆಂಡಿನ ಆಟ ದಾಳಿಯೂ ಅಲ್ಲ, ರಕ್ಷಣೆಯೂ ಅಲ್ಲ. ಅದನ್ನು ಕಲಿಸುವುದಕ್ಕೆಂದೇ ಅಮೆರಿಕದ ಕಾಲೇಜು ತಂಡಗಳಲ್ಲಿ ಒಬ್ಬ ಕೋಚ್ ಇರುತ್ತಾರೆ. ಅವರ ಹುದ್ದೆಯ ಹೆಸರು ಸ್ಪೆಷಲ್ ಟೀಮ್ಸ್ ಕೋಚ್. ಎಲ್ಲವೂ ಸರಿಹೋದ ಶನಿವಾರ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಆಟದ ಮೂರನೇ ಪಾಲು

ಅಮೆರಿಕನ್ ಫುಟ್‌ಬಾಲನ್ನು ನಮ್ಮಲ್ಲಿ ಹೆಚ್ಚಿನವರು ಸಿನಿಮಾಗಳಲ್ಲಿ ಕಂಡಿರುತ್ತಾರೆ. ಹೆಲ್ಮೆಟ್ಟು, ಹೆಗಲಿಗೆ ದಪ್ಪ ಪ್ಯಾಡು, ಎರಡೂ ತುದಿ ಚೂಪಾದ ಚೆಂಡು, ಒಬ್ಬರ ಮೇಲೊಬ್ಬರು ಬೀಳುವ ದಾಂಡಿಗರು. ಒಳಗಿನ ಲೆಕ್ಕ ಮಾತ್ರ ಸರಳ. ಮೈದಾನ 100 ಗಜ ಉದ್ದ. ಎರಡೂ ತುದಿಯಲ್ಲಿ ಹತ್ತತ್ತು ಗಜದ ಎಂಡ್ ಜೋನ್. ಎದುರಾಳಿಯ ಎಂಡ್ ಜೋನ್‌ಗೆ ಚೆಂಡು ಒಯ್ದರೆ ಟಚ್‌ಡೌನ್. ಚೆಂಡು ಹೊಂದಿದ ತಂಡಕ್ಕೆ 10 ಗಜ ಮುಂದೊತ್ತಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಇದ್ದಲ್ಲೇ ಎದುರಾಳಿಯ ಪಾಲು.

ಹಾಗಾಗಿ ಮೂರು ಡೌನ್ ಮುಗಿದರೂ ಹತ್ತು ಗಜ ದಾಟದ ತಂಡಕ್ಕೆ ಯೋಚನೆ ಹತ್ತುತ್ತದೆ. ಎದುರಾಳಿಯ ತುದಿಯ ಗೋಲ್ ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಚೆಂಡು ಒದ್ದು ಹಾಯಿಸಿ ಮೂರು ಅಂಕ ಗಳಿಸಬಹುದು. ಇದು ಫೀಲ್ಡ್ ಗೋಲ್. ದೂರವಿದ್ದರೆ ಚೆಂಡನ್ನು ಎದುರಾಳಿಯ ತುದಿಯತ್ತ ಎತ್ತರಕ್ಕೆ, ಉದ್ದಕ್ಕೆ ಒದ್ದುಕೊಡಬೇಕು, ಇದು ಪಂಟ್. ಆಟ ಶುರುವಾಗುವಾಗ, ಯಾರಾದರೂ ಅಂಕ ಗಳಿಸಿದ ಮೇಲೆ, ಒದ್ದು ಚೆಂಡು ಒಪ್ಪಿಸುವುದು ಕಿಕಾಫ್. ಈ ಮೂರನ್ನು ಆಡುವವರು, ಎದುರಾಳಿ ಆಡುವಾಗ ತಡೆಯುವವರು, ಬಂದ ಚೆಂಡನ್ನು ಹಿಡಿದು ವಾಪಸ್ ಓಡುವವರು ಎಲ್ಲರೂ ಸೇರಿ ಸ್ಪೆಷಲ್ ಟೀಮ್ಸ್.

ಪಂದ್ಯದ ಒಟ್ಟು ಆಟದಲ್ಲಿ ಇದರ ಪಾಲು ಕಡಿಮೆ. ಆದರೆ ಒಂದು ಪಂಟ್‌ನಲ್ಲಿ ಚೆಂಡು ನಲವತ್ತು ಗಜ ಅತ್ತಿತ್ತ ಸರಿಯುತ್ತದೆ. ದಾಳಿಯ ಹುಡುಗರು ನೆಲ ಕಚ್ಚಿ ನಾಲ್ಕೈದು ಗಜದಂತೆ ಗಳಿಸುವ ದೂರವನ್ನು ಒಂದು ಒದೆತ ಕೊಡಬಲ್ಲದು, ಒಂದು ತಪ್ಪು ಕಸಿಯಬಲ್ಲದು. ಕ್ರಿಕೆಟ್ಟಿನಲ್ಲಿ ಫೀಲ್ಡಿಂಗ್ ಕೋಚ್ ಎಂಬುವರಿಗೆ ಪ್ರತ್ಯೇಕ ಕುರ್ಚಿ ಬರಲು ಎಷ್ಟು ಕಾಲ ಹಿಡಿಯಿತೋ ನೆನಪಿಸಿಕೊಳ್ಳಿ; ಕಾಲೇಜು ಫುಟ್‌ಬಾಲಿನಲ್ಲಿ ಸ್ಪೆಷಲ್ ಟೀಮ್ಸ್ ಕೋಚ್‌ಗೂ ಹಾಗೆಯೇ ಆಯಿತು.

ಎರಡು ಸೆಕೆಂಡಿನ ಲೆಕ್ಕ

ಪಂಟ್ ನೋಡಲು ಸೋತವರ ಕೆಲಸ ಅನ್ನಿಸುತ್ತದೆ. ಅದರೊಳಗೆ ಹೊಕ್ಕು ನೋಡಿದರೆ ಆಟದಲ್ಲಿ ಇಷ್ಟು ಬಿಗಿಯಾದ ಲೆಕ್ಕ ಬೇರೆಲ್ಲೂ ಇಲ್ಲ ಎಂದು ನನಗೆ ಅನ್ನಿಸಿದೆ.

ಒದೆಯುವವರು ತಮ್ಮ ತಂಡದ ಮುಂದಿನ ಸಾಲಿನಿಂದ ಸುಮಾರು 15 ಗಜ ಹಿಂದೆ ನಿಂತಿರುತ್ತಾರೆ. ಸಾಲಿನ ನಡುವೆ ಬಗ್ಗಿ ನಿಂತ ಲಾಂಗ್ ಸ್ನ್ಯಾಪರ್ ತಮ್ಮ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾರೆ (ಇದೇ ಸ್ನ್ಯಾಪ್). ಅದು ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ, ಸೊಂಟದ ಮಟ್ಟಕ್ಕೆ ತಲುಪಬೇಕು. ಹಿಡಿದು, ಚೆಂಡನ್ನು ಸರಿಯಾಗಿ ತಿರುಗಿಸಿಕೊಂಡು, ಎರಡು ಹೆಜ್ಜೆ ಇಟ್ಟು ಒದೆಯಲು ಸುಮಾರು ಒಂದೂಕಾಲು ಸೆಕೆಂಡು. ಒಟ್ಟು ಎರಡು ಸೆಕೆಂಡು. ಅದಕ್ಕಿಂತ ತಡವಾದರೆ ಎದುರಾಳಿಯ ಕೈ ಅಡ್ಡ ಬರುತ್ತದೆ. ಮೇಲಕ್ಕೆ ಹೋದ ಚೆಂಡು ನಾಲ್ಕು ಸೆಕೆಂಡಿಗೂ ಹೆಚ್ಚು ಗಾಳಿಯಲ್ಲಿ ಇರಬೇಕು, ಆ ಹೊತ್ತಿಗೆ ತನ್ನ ಕಡೆಯವರು ಓಡಿ ಹೋಗಿ ಹಿಡಿಯುವವರ ಮುಂದೆ ನಿಂತಿರಬೇಕು.

ಕಾಲೇಜು ಆಟಕ್ಕೆ ಇಲ್ಲಿ ತನ್ನದೇ ನಿಯಮವಿದೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಕಾಲು ಚೆಂಡಿಗೆ ತಾಗುವ ತನಕ ತುದಿಯ ಇಬ್ಬರನ್ನು ಬಿಟ್ಟು ಉಳಿದವರು ಸಾಲು ಬಿಟ್ಟು ಮುಂದೆ ಓಡುವಂತಿಲ್ಲ. ಕಾಲೇಜಿನಲ್ಲಿ ಸ್ನ್ಯಾಪ್ ಆದ ಕ್ಷಣವೇ ಎಲ್ಲರೂ ಓಡಬಹುದು. ಈ ಒಂದು ಸಡಿಲಿಕೆಯಿಂದ ಶೀಲ್ಡ್ ಎಂಬ ವ್ಯೂಹ ಹುಟ್ಟಿತು: ಒದೆಯುವವರ ಮುಂದೆ ಮೂವರು ಭಾರಿ ದೇಹದ ಆಟಗಾರರು ಗೋಡೆಯಾಗಿ ನಿಲ್ಲುತ್ತಾರೆ, ಉಳಿದವರು ಆರಂಭದಿಂದಲೇ ಎದುರಾಳಿಯತ್ತ ಧಾವಿಸುತ್ತಾರೆ.

ಅದೇ ಸಡಿಲಿಕೆ ಆಸ್ಟ್ರೇಲಿಯನ್ನರಿಗೂ ಬಾಗಿಲು ತೆರೆಯಿತು. ಬದಿಗೆ ಓಡುತ್ತ ಓಡುತ್ತಲೇ ಒದೆಯುವ ಕಲೆ ಅವರ ದೇಶದ ಫುಟ್‌ಬಾಲಿನಲ್ಲಿ ಚಿಕ್ಕಂದಿನಿಂದ ಬರುತ್ತದೆ. ಮೆಲ್ಬರ್ನ್‌ನಲ್ಲಿ ನೇಥನ್ ಚಾಪ್‌ಮನ್ ಕಟ್ಟಿದ ಪ್ರೋಕಿಕ್ ಆಸ್ಟ್ರೇಲಿಯಾ ತರಬೇತಿ ಕೇಂದ್ರ ಇಂಥ ಹುಡುಗರನ್ನು ಅಮೆರಿಕದ ಕಾಲೇಜುಗಳಿಗೆ ಕಳಿಸತೊಡಗಿತು. ಪಂಟ್ ಒದೆಯುವವರಿಗೆ ಕೊಡುವ ರೇ ಗೈ ಪ್ರಶಸ್ತಿ 2013ರಿಂದ 2017ರವರೆಗೆ ಐದು ವರ್ಷವೂ ಆಸ್ಟ್ರೇಲಿಯನ್ನರಿಗೇ ಹೋಯಿತು: ಮೆಂಫಿಸ್‌ನ ಟಾಮ್ ಹಾರ್ನ್ಸಿ, ಯೂಟಾದ ಟಾಮ್ ಹ್ಯಾಕೆಟ್ ಎರಡು ಬಾರಿ, ಅದೇ ಯೂಟಾದ ಮಿಚ್ ವಿಶ್ನೌಸ್ಕಿ, ಟೆಕ್ಸಾಸ್‌ನ ಮೈಕಲ್ ಡಿಕ್ಸನ್. ಮೆಲ್ಬರ್ನ್‌ನ ಹುಡುಗನೊಬ್ಬನ ಕಾಲಿನ ಬಲ ನೋಡಿ ಅವನನ್ನು ಅಮೆರಿಕಕ್ಕೆ ಕರೆತರುವುದೂ ಈಗ ಈ ಕೋಚ್‌ಗಳ ಕೆಲಸದಲ್ಲಿ ಸೇರಿದೆ.

ಪಂಟ್ ತಡೆಯುವವರಿಗೆ ಕಲಿಸುವ ಮೊದಲ ಪಾಠ: ಒದೆಯುವವನ ಮೇಲೆ ನುಗ್ಗಬೇಡ, ಅವನ ಕಾಲಿಗಿಂತ ಕೆಲವು ಗಜ ಮುಂದೆ ಚೆಂಡು ಹಾದುಹೋಗುವ ಜಾಗಕ್ಕೆ ಓಡು, ಕಣ್ಣು ತೆರೆದಿಟ್ಟು ಕೈ ಚಾಚು. ಕೊನೆಯ ಗಳಿಗೆಯಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಮನುಷ್ಯನ ಸ್ವಭಾವ. ಅದನ್ನು ಬಿಡಿಸಲು ವಾರಗಟ್ಟಲೆ ಅಭ್ಯಾಸ ಬೇಕು. ಒದೆಯುವವರಿಗೆ ಜೋರಾಗಿ ಡಿಕ್ಕಿ ಹೊಡೆದರೆ 15 ಗಜ ದಂಡ, ಜತೆಗೆ ಎದುರಾಳಿಗೆ ಹೊಸದಾಗಿ ನಾಲ್ಕು ಡೌನ್.

ಫೀಲ್ಡ್ ಗೋಲ್‌ನ ಅಪಾಯ ಬೇರೆ ಬಗೆಯದು. 2013ರ ನವೆಂಬರ್ 30ರಂದು ಆಬರ್ನ್ ಮೈದಾನದಲ್ಲಿ ಅಲಬಾಮಾ ತಂಡ 28–28ರ ಸಮಬಲದಲ್ಲಿ, ಒಂದೇ ಸೆಕೆಂಡು ಉಳಿದಿರುವಾಗ, 57 ಗಜದ ಫೀಲ್ಡ್ ಗೋಲ್‌ಗೆ ಪ್ರಯತ್ನಿಸಿತು. ಚೆಂಡು ಕಂಬ ತಲುಪಲಿಲ್ಲ. ಎಂಡ್ ಜೋನ್‌ನ ತುದಿಯಲ್ಲಿ ಕಾದು ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಮೈದಾನ ಓಡಿ ಪಂದ್ಯ ಗೆದ್ದುಕೊಟ್ಟರು. ಅವರನ್ನು ಹಿಡಿಯಲು ಯಾರಿಗೂ ಆಗಲಿಲ್ಲ, ಯಾಕೆಂದರೆ ಫೀಲ್ಡ್ ಗೋಲ್ ಹೊತ್ತಿನಲ್ಲಿ ಮೈದಾನದಲ್ಲಿ ಇರುವವರು ಎದುರಾಳಿಯನ್ನು ತಡೆದು ನಿಲ್ಲಿಸಲು ಆಯ್ದ ಭಾರಿ ದೇಹದವರು, ಓಟಗಾರರಲ್ಲ. ಒದೆತ ಗಿಡ್ಡವಾದರೆ ಓಡುವವರು ಯಾರು ಎಂಬ ಪ್ರಶ್ನೆಗೆ ಆ ಸಂಜೆಯ ನಂತರ ಪ್ರತಿ ತಂಡದ ಸ್ಪೆಷಲ್ ಟೀಮ್ಸ್ ಕೋಚೂ ಉತ್ತರ ಇಟ್ಟುಕೊಳ್ಳಬೇಕಾಯಿತು.

ಸ್ವಂತ ಆಟಗಾರರಿಲ್ಲದ ಕೋಚ್

ಕಾಲೇಜು ತಂಡದಲ್ಲಿ ಪ್ರತಿ ಸಹಾಯಕ ಕೋಚ್‌ಗೂ ತನ್ನದೇ ಒಂದು ಕೊಠಡಿ, ತನ್ನದೇ ಹುಡುಗರು. ಓಡುವವರಿಗೆ ಒಬ್ಬರು, ಚೆಂಡು ಹಿಡಿಯುವವರಿಗೆ ಒಬ್ಬರು, ಸಾಲಿನಲ್ಲಿ ನಿಲ್ಲುವವರಿಗೆ ಮತ್ತೊಬ್ಬರು. ಸ್ಪೆಷಲ್ ಟೀಮ್ಸ್ ಕೋಚ್‌ಗೆ ಪೂರ್ತಿಯಾಗಿ ಸಿಗುವುದು ಒದೆಯುವವರು, ಸ್ನ್ಯಾಪ್ ಮಾಡುವವರು, ಅಷ್ಟೇ. ಉಳಿದವರೆಲ್ಲ ಬೇರೆಯವರ ಹುಡುಗರು. ಅವರನ್ನು ಕೇಳಿ ಪಡೆಯಬೇಕು.

ಕೇಳುವುದು ಸುಲಭವಲ್ಲ. ರಕ್ಷಣೆಯ ಕೋಚ್ ತನ್ನ ಉತ್ತಮ ಆಟಗಾರನನ್ನು ಕಿಕಾಫ್‌ನಲ್ಲಿ ಓಡಿಸಿ ದಣಿಸಲು ಒಪ್ಪುವುದಿಲ್ಲ. ಗಾಯವಾದರೆ ಹೊಣೆ ಯಾರದು? ಅಮೆರಿಕದ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆ ಋತುವಿನ ನಡುವೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ ಎಂದು ಕಟ್ಟು ಹಾಕಿದೆ. ಆ ಇಪ್ಪತ್ತರಲ್ಲಿ ಸ್ಪೆಷಲ್ ಟೀಮ್ಸ್‌ಗೆ ಸಿಗುವುದು ಅಭ್ಯಾಸದ ಆರಂಭದಲ್ಲೋ ನಡುವಿನಲ್ಲೋ ಕೆಲವು ನಿಮಿಷ. ಅಷ್ಟರೊಳಗೆ ಪಂಟ್, ಪಂಟ್ ತಡೆ, ಕಿಕಾಫ್, ಕಿಕಾಫ್ ವಾಪಸಾತಿ, ಫೀಲ್ಡ್ ಗೋಲ್, ಅದರ ತಡೆ ಎಂಬ ಆರು ಬೇರೆ ಬೇರೆ ಗುಂಪುಗಳಿಗೆ ಪಾಠ ಆಗಬೇಕು.

ಗುಂಪಿನಲ್ಲಿ ಯಾರಿರುತ್ತಾರೆ? ಮುಂದಿನ ವರ್ಷ ಮುಖ್ಯ ತಂಡ ಸೇರುವ ಆಸೆಯ ಹೊಸಬರು. ವಿದ್ಯಾರ್ಥಿವೇತನವಿಲ್ಲದೆ, ಕೈಯಿಂದ ಶುಲ್ಕ ಕಟ್ಟಿ ತಂಡ ಸೇರಿದ ವಾಕ್-ಆನ್ ಹುಡುಗರು. ಮುಖ್ಯ ತಂಡದಲ್ಲಿ ಎಂದೂ ಜಾಗ ಸಿಗಲಾರದ ನಾಲ್ಕನೇ ವರ್ಷದವರು. ಸಾವಿರಾರು ಜನರ ಮುಂದೆ ಆಡುವ ಅವಕಾಶ ಇವರಿಗೆ ಇದೊಂದೇ. ಇಡೀ ತಂಡದ ಎದುರು ನಿಂತು ಮಾತಾಡುವ ಕೋಚ್‌ಗಳು ಇಬ್ಬರೇ: ಹೆಡ್ ಕೋಚ್ ಮತ್ತು ಸ್ಪೆಷಲ್ ಟೀಮ್ಸ್ ಕೋಚ್. ತಾರೆಯಾದ ಆಟಗಾರನಿಗೂ, ಹೆಸರೇ ಗೊತ್ತಿಲ್ಲದ ಹುಡುಗನಿಗೂ ಒಂದೇ ಕೊಠಡಿಯಲ್ಲಿ ಒಂದೇ ಪಾಠ ಹೇಳಿ, ಇಬ್ಬರೂ ಅದನ್ನು ನಂಬುವಂತೆ ಮಾಡಬೇಕು. ಈ ಹುದ್ದೆಯ ನಿಜವಾದ ವಿದ್ಯೆ ಅದೇ ಎಂದು ನಾನು ನಂಬಿದ್ದೇನೆ. ಒದೆತದ ಕೋನ, ಸೆಕೆಂಡಿನ ಲೆಕ್ಕ ಎಲ್ಲ ಅದರ ನಂತರ.

ಬ್ಲ್ಯಾಕ್ಸ್‌ಬರ್ಗ್‌ನ ಫ್ರಾಂಕ್ ಬೀಮರ್

ಈ ವಿದ್ಯೆಯನ್ನು ಇಡೀ ವಿಶ್ವವಿದ್ಯಾಲಯದ ಗುರುತಾಗಿಸಿದವರು ಬ್ಲ್ಯಾಕ್ಸ್‌ಬರ್ಗ್ ಊರಿನ ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್. ಹುಟ್ಟಿದ್ದು 1946ರಲ್ಲಿ, ಬೆಳೆದದ್ದು ವರ್ಜೀನಿಯಾದ ಬೆಟ್ಟಸೀಮೆಯ ಫ್ಯಾನ್ಸಿ ಗ್ಯಾಪ್ ಎಂಬ ಪುಟ್ಟ ಊರಿನಲ್ಲಿ. ಏಳನೇ ವಯಸ್ಸಿನಲ್ಲಿ ಗ್ಯಾರೇಜಿನಲ್ಲಿದ್ದ ಪೆಟ್ರೋಲ್ ಡಬ್ಬಿಗೆ ಕಿಡಿ ತಗುಲಿ ಅವರ ಮೈ ಹೊತ್ತಿಕೊಂಡಿತು. ಅಣ್ಣ ನೆಲದ ಮೇಲೆ ಉರುಳಿಸಿ ಬೆಂಕಿ ಆರಿಸಿ ಜೀವ ಉಳಿಸಿದ. ಚರ್ಮ ಕಸಿಗಾಗಿ ವರ್ಷಗಳ ಕಾಲ ಹತ್ತಾರು ಶಸ್ತ್ರಚಿಕಿತ್ಸೆ. ಕುತ್ತಿಗೆಯ ಮೇಲಿನ ಸುಟ್ಟ ಗಾಯದ ಕಲೆ ಅವರು ಮೈದಾನದ ಅಂಚಿನಲ್ಲಿ ನಿಂತಾಗಲೆಲ್ಲ ಕ್ಯಾಮೆರಾಗಳಿಗೆ ಕಾಣುತ್ತಿತ್ತು.

ವರ್ಜೀನಿಯಾ ಟೆಕ್‌ನಲ್ಲೇ ಓದಿ, ಆಡಿ, ಹೈಸ್ಕೂಲಿನ ಸಹಾಯಕ ಕೋಚ್ ಆಗಿ ಕೆಲಸ ಶುರು ಮಾಡಿದರು. 1972ರಲ್ಲಿ ಮೇರಿಲ್ಯಾಂಡ್‌ನಲ್ಲಿ ಗ್ರಾಜುಯೇಟ್ ಅಸಿಸ್ಟಂಟ್. ನಂತರ ದಿ ಸಿಟಡೆಲ್, ಮರ್ರಿ ಸ್ಟೇಟ್. 1987ರಲ್ಲಿ ಹೆಡ್ ಕೋಚ್ ಆಗಿ ತಾವು ಓದಿದ ಕಾಲೇಜಿಗೆ ಮರಳಿದಾಗ ತಂಡ ಹಿಂದಿನವರ ಕಾಲದ ನಿಯಮಭಂಗಕ್ಕೆ ಎನ್‌ಸಿಎಎ ದಂಡನೆ ಅನುಭವಿಸುತ್ತಿತ್ತು. ವಿದ್ಯಾರ್ಥಿವೇತನಗಳಿಗೆ ಕತ್ತರಿ ಬಿದ್ದಿತ್ತು. ಮೊದಲ ವರ್ಷ ಎರಡು ಗೆಲುವು, ಒಂಬತ್ತು ಸೋಲು. ಆರನೇ ವರ್ಷವಾದ 1992ರಲ್ಲೂ ಎರಡೇ ಗೆಲುವು. ಬೇರೆ ಕಡೆಯಾಗಿದ್ದರೆ ಅಲ್ಲಿಗೆ ಕೆಲಸ ಹೋಗುತ್ತಿತ್ತು. ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು.

ಸಿರಿವಂತ ಕಾಲೇಜುಗಳ ಜತೆ ಆಟಗಾರರ ಬೇಟೆಯಲ್ಲಿ ಪೈಪೋಟಿ ಕಷ್ಟವಿದ್ದ ತಂಡಕ್ಕೆ ಬೀಮರ್ ಹಿಡಿದ ದಾರಿ ಸ್ಪೆಷಲ್ ಟೀಮ್ಸ್. ಅದನ್ನು ಸಹಾಯಕರಿಗೆ ವಹಿಸದೆ ಹೆಡ್ ಕೋಚ್ ತಾವೇ ಕೈಗೆ ತೆಗೆದುಕೊಂಡರು. ಮುಖ್ಯ ತಂಡದ ಉತ್ತಮ ಆಟಗಾರರನ್ನೇ ಪಂಟ್ ತಡೆಯಲು ಇಳಿಸಿದರು. ಇದರ ಪರಿಣಾಮ ದೊಡ್ಡದು: ಹೆಡ್ ಕೋಚ್ ಸ್ವತಃ ಪಾಠ ಹೇಳುವಾಗ ಹುಡುಗನನ್ನು ಬಿಟ್ಟುಕೊಡುವುದಿಲ್ಲ ಎನ್ನುವ ಸಹಾಯಕ ಇಲ್ಲ; ತಾರೆಯೇ ಓಡುವಾಗ ಇದು ಕೈಲಾಗದವರ ಕೆಲಸ ಎನ್ನುವ ಹುಡುಗನೂ ಇಲ್ಲ.

1993ರ ಡಿಸೆಂಬರ್ 31ರಂದು ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಋತುಕೊನೆಯ ಇಂಡಿಪೆಂಡೆನ್ಸ್ ಬೌಲ್ ಪಂದ್ಯ. ಎದುರಾಳಿ ಇಂಡಿಯಾನಾ. ಅರ್ಧವಿರಾಮಕ್ಕೆ ಇನ್ನೇನು ಸೆಕೆಂಡುಗಳಿವೆ ಎನ್ನುವಾಗ ಇಂಡಿಯಾನಾದ ಫೀಲ್ಡ್ ಗೋಲನ್ನು ವರ್ಜೀನಿಯಾ ಟೆಕ್ ತಡೆಯಿತು. ಆಂಟೋನಿಯೋ ಬ್ಯಾಂಕ್ಸ್ ಆ ಚೆಂಡು ಹಿಡಿದು 80 ಗಜ ಓಡಿ ಟಚ್‌ಡೌನ್ ಗಳಿಸಿದರು. ಪಂದ್ಯ 45–20ರಿಂದ ಗೆಲುವು. ಎರಡು ವರ್ಷದ ಬಳಿಕ ಶುಗರ್ ಬೌಲ್‌ನಲ್ಲಿ ಟೆಕ್ಸಾಸ್ ಎದುರು ಹಿನ್ನಡೆಯಲ್ಲಿದ್ದಾಗ ಬ್ರಯನ್ ಸ್ಟಿಲ್ ಒಂದು ಪಂಟ್ ಹಿಡಿದು 60 ಗಜ ವಾಪಸ್ ಓಡಿದರು, ಅಲ್ಲಿಂದ ಪಂದ್ಯ ತಿರುಗಿತು. ಪತ್ರಿಕೆಗಳು ಈ ಬಗೆಯ ಆಟಕ್ಕೆ ಬೀಮರ್‌ಬಾಲ್ ಎಂದು ಹೆಸರಿಟ್ಟವು. ಅವರ ಕಾಲದಲ್ಲಿ ವರ್ಜೀನಿಯಾ ಟೆಕ್ ತಡೆದ ಒದೆತಗಳು ನೂರಕ್ಕೂ ಹೆಚ್ಚು.

ಅವರ ಜೀವನದ ಅತಿ ದೊಡ್ಡ ಪಂದ್ಯ 2000ದ ಜನವರಿ 4ರಂದು ನಡೆಯಿತು. ಮೈಕಲ್ ವಿಕ್ ಎಂಬ ಅಪೂರ್ವ ಹುಡುಗನ ಬಲದಿಂದ ಋತುವಿಡೀ ಸೋಲದೆ ಬಂದ ತಂಡ ರಾಷ್ಟ್ರೀಯ ಕಿರೀಟಕ್ಕಾಗಿ ಫ್ಲಾರಿಡಾ ಸ್ಟೇಟ್ ಎದುರು ನಿಂತಿತು. ಅಂದು ತಡೆಗೊಳಗಾದ ಪಂಟ್ ವರ್ಜೀನಿಯಾ ಟೆಕ್‌ನದೇ. ಆ ಚೆಂಡನ್ನು ಹಿಡಿದು ಫ್ಲಾರಿಡಾ ಸ್ಟೇಟ್ ಟಚ್‌ಡೌನ್ ಗಳಿಸಿತು. ಮತ್ತೊಂದು ಪಂಟ್ ಹಿಡಿದು ಅದೇ ತಂಡದ ಪೀಟರ್ ವಾರಿಕ್ 59 ಗಜ ಓಡಿ ಇನ್ನೊಂದು ಗಳಿಸಿದರು. ಸೋಲು 46–29. ತಾವು ಜೀವಮಾನವಿಡೀ ಕಲಿಸಿದ ವಿದ್ಯೆಯಿಂದಲೇ ಎರಡು ಟಚ್‌ಡೌನ್ ಬಿಟ್ಟುಕೊಟ್ಟು ಕಿರೀಟ ಕಳೆದುಕೊಂಡ ಮೇಲೂ ಬೀಮರ್ ತಮ್ಮ ದಾರಿ ಬದಲಿಸಲಿಲ್ಲ. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಗೆಲುವುಗಳ ಪಟ್ಟಿ ನೋಡಿ ಅಲ್ಲ, ಈ ಸೋಲಿನ ನಂತರದ ಹದಿನಾರು ವರ್ಷ ನೋಡಿ.

1993ರಿಂದ 2015ರವರೆಗೆ ಸತತ 23 ವರ್ಷ ಅವರ ತಂಡ ಋತುಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಪಡೆಯಿತು. ವರ್ಜೀನಿಯಾ ಟೆಕ್‌ನಲ್ಲಿ 238 ಗೆಲುವು, ಮರ್ರಿ ಸ್ಟೇಟ್ ಸೇರಿಸಿದರೆ 280. ಕೊನೆಯ ಪಂದ್ಯವೂ ಶ್ರೀವ್‌ಪೋರ್ಟ್‌ನ ಅದೇ ಇಂಡಿಪೆಂಡೆನ್ಸ್ ಬೌಲ್. ಟಲ್ಸಾ ವಿರುದ್ಧ 55–52ರ ಗೆಲುವು. 2018ರಲ್ಲಿ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದರು.

ಗಂಟುಮೂಟೆಯ ಬದುಕು

ಬೀಮರ್ ಒಂದೇ ಊರಿನಲ್ಲಿ 29 ವರ್ಷ ನಿಂತರು. ಈ ವೃತ್ತಿಯಲ್ಲಿ ಅದು ತೀರ ಅಪರೂಪ. ಸಾಮಾನ್ಯವಾಗಿ ಕಡಿಮೆ ಸಂಬಳದ ಗ್ರಾಜುಯೇಟ್ ಅಸಿಸ್ಟಂಟ್ ಆಗಿ ಸೇರಿ, ಒಂದೆರಡು ವರ್ಷಕ್ಕೊಮ್ಮೆ ಊರು ಬದಲಿಸುತ್ತ ಹೋಗಬೇಕು. ಹೆಡ್ ಕೋಚ್ ಕೆಲಸ ಹೋದರೆ ಸಹಾಯಕರೆಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎಲ್ಲ ಆ ಒಂದು ನಿರ್ಧಾರದ ಹಿಂದೆ ಹೋಗುತ್ತವೆ.

ಫ್ರಾಂಕ್ ಅವರ ಮಗ ಶೇನ್ ಬೀಮರ್ 1999ರ ತಂಡದಲ್ಲಿ ಲಾಂಗ್ ಸ್ನ್ಯಾಪರ್ ಆಗಿದ್ದರು. ಮುಂದೆ ಅವರ ದಾರಿ: ಜಾರ್ಜಿಯಾ ಟೆಕ್, ಟೆನೆಸೀ, ಮಿಸಿಸಿಪಿ ಸ್ಟೇಟ್, ಸೌತ್ ಕ್ಯಾರೊಲಿನಾ, ತಂದೆಯ ಬಳಿ ವರ್ಜೀನಿಯಾ ಟೆಕ್, ಸ್ಪೆಷಲ್ ಟೀಮ್ಸ್ ಹೊಣೆ ಹೊತ್ತು ಜಾರ್ಜಿಯಾ, ನಂತರ ಓಕ್ಲಹೋಮಾ. ಎರಡು ದಶಕ, ಏಳು ಕಾಲೇಜು. 2020ರ ಡಿಸೆಂಬರ್‌ನಲ್ಲಿ ಸೌತ್ ಕ್ಯಾರೊಲಿನಾ ಅವರನ್ನು ಹೆಡ್ ಕೋಚ್ ಮಾಡಿತು.

ಅವರು ಸ್ಪೆಷಲ್ ಟೀಮ್ಸ್‌ಗೆ ಆರಿಸಿಕೊಂಡ ಪೀಟ್ ಲೆಂಬೊ ಅವರ ಕತೆ ಇನ್ನೂ ಸ್ವಾರಸ್ಯದ್ದು. ಲೀಹೈ, ಈಲಾನ್, ಬಾಲ್ ಸ್ಟೇಟ್‌ಗಳಲ್ಲಿ 2001ರಿಂದ 2015ರವರೆಗೆ ಹದಿನೈದು ವರ್ಷ ಹೆಡ್ ಕೋಚ್ ಆಗಿದ್ದವರು ಅವರು. ಆಮೇಲೆ ಮೇರಿಲ್ಯಾಂಡ್, ರೈಸ್, ಮೆಂಫಿಸ್, ಸೌತ್ ಕ್ಯಾರೊಲಿನಾಗಳಲ್ಲಿ ಸ್ಪೆಷಲ್ ಟೀಮ್ಸ್ ನೋಡಿಕೊಂಡರು. ಮೇಲಿನ ಕುರ್ಚಿ ಬಿಟ್ಟು ಸಹಾಯಕರಾಗಿ ಕೆಳಗೆ ಕುಳಿತು ಆ ಕೆಲಸವನ್ನೇ ಮನಸ್ಸಿಟ್ಟು ಮಾಡುವುದಕ್ಕೆ ದೊಡ್ಡ ಮನಸ್ಸು ಬೇಕು. 2022ರ ಮೊದಲ ಪಂದ್ಯದಲ್ಲಿ ಸೌತ್ ಕ್ಯಾರೊಲಿನಾ ಜಾರ್ಜಿಯಾ ಸ್ಟೇಟ್‌ನ ಎರಡು ಪಂಟ್ ತಡೆದು, ಎರಡನ್ನೂ ಟಚ್‌ಡೌನ್ ಮಾಡಿತು. ಅದೇ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎದುರು ಆರಂಭದ ಕಿಕಾಫ್ ಹಿಡಿದ ಝೇವಿಯರ್ ಲೆಗೆಟ್ 100 ಗಜ ಓಡಿಬಿಟ್ಟರು. 2024ರಲ್ಲಿ ಬಫಲೋ ವಿಶ್ವವಿದ್ಯಾಲಯ ಲೆಂಬೊ ಅವರನ್ನು ಮತ್ತೆ ಹೆಡ್ ಕೋಚ್ ಕುರ್ಚಿಗೆ ಕರೆಯಿತು.

ಇವರಿಗಿಂತ ಮುಂಚೆ ಈ ಏಣಿಯ ತುತ್ತತುದಿ ಮುಟ್ಟಿದವರು ಜಾನ್ ಹಾರ್ಬಾ. ಸಿನ್ಸಿನಾಟಿ, ಇಂಡಿಯಾನಾ ಕಾಲೇಜುಗಳ ನಂತರ ಎನ್‌ಎಫ್‌ಎಲ್‌ನ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ಒಂಬತ್ತು ವರ್ಷ ಸ್ಪೆಷಲ್ ಟೀಮ್ಸ್ ಕೋಚ್. 2008ರಲ್ಲಿ ಬಾಲ್ಟಿಮೋರ್ ರೇವನ್ಸ್ ಅವರನ್ನು ಹೆಡ್ ಕೋಚ್ ಮಾಡಿತು. 2013ರ ಫೆಬ್ರುವರಿಯಲ್ಲಿ ಅವರು ಸೂಪರ್ ಬೌಲ್ ಗೆದ್ದಾಗ ಎದುರಾಳಿ ತಂಡದ ಹೆಡ್ ಕೋಚ್ ಸ್ವಂತ ತಮ್ಮ ಜಿಮ್. ದ್ವಿತೀಯಾರ್ಧ ಶುರುವಾದದ್ದೇ ರೇವನ್ಸ್‌ನ ಜಕೋಬಿ ಜೋನ್ಸ್ ಕಿಕಾಫ್ ಹಿಡಿದು ಓಡಿದ 108 ಗಜದ ಓಟದಿಂದ. ಆನ್ ಆರ್ಬರ್‌ನ ಆ ಹತ್ತು ಸೆಕೆಂಡಿನ ದಿನ ಮಿಷಿಗನ್ ಹೆಡ್ ಕೋಚ್ ಆಗಿದ್ದವರೂ ಇದೇ ಜಿಮ್ ಹಾರ್ಬಾ.

ಇಷ್ಟಾದರೂ ಹೆಡ್ ಕೋಚ್ ಹುಡುಕುವಾಗ ವಿಶ್ವವಿದ್ಯಾಲಯಗಳ ಕಣ್ಣು ಮೊದಲು ಹೋಗುವುದು ದಾಳಿ ಅಥವಾ ರಕ್ಷಣೆಯ ಕೋಚ್‌ಗಳ ಕಡೆಗೇ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. 2018ರ ಜನವರಿವರೆಗೆ ಮೈದಾನಕ್ಕೆ ಇಳಿಯುವ ಸಹಾಯಕರು ಒಂಬತ್ತೇ ಮಂದಿ ಇರಬೇಕೆಂಬ ನಿಯಮವಿತ್ತು. ಹಾಗಾಗಿ ಎಷ್ಟೋ ಕಡೆ ಸ್ಪೆಷಲ್ ಟೀಮ್ಸ್ ಯಾರದೋ ಹೆಚ್ಚುವರಿ ಕೆಲಸವಾಗಿತ್ತು. ಹತ್ತನೆಯವರಿಗೆ ಅನುಮತಿ ಸಿಕ್ಕ ಮೇಲೆ ಹಲವು ಕಾಲೇಜುಗಳು ಆ ಜಾಗವನ್ನು ಇದಕ್ಕೇ ಕೊಟ್ಟವು. 2024ರಲ್ಲಿ ಆ ಮಿತಿಯೂ ಸಡಿಲಗೊಂಡು, ಸಿಬ್ಬಂದಿಯಲ್ಲಿ ಉಳಿದವರೂ ಮೈದಾನದಲ್ಲಿ ಪಾಠ ಹೇಳುವಂತಾಯಿತು.

ಓಡುವವರ ಮೈ

ಕಿಕಾಫ್‌ನಲ್ಲಿ ಎರಡೂ ಕಡೆಯವರು ದೂರದಿಂದ ಪೂರ್ಣ ವೇಗದಲ್ಲಿ ಓಡಿ ಬಂದು ಡಿಕ್ಕಿಯಾಗುತ್ತಾರೆ. 2010ರ ಅಕ್ಟೋಬರ್ 16ರಂದು ರಟ್ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರಾಂಡ್, ಆರ್ಮಿ ತಂಡದ ಓಟಗಾರನನ್ನು ತಡೆಯಲು ಹೋಗಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಹೋಯಿತು. ಅಂದಿನ ಹೆಡ್ ಕೋಚ್ ಗ್ರೆಗ್ ಶಿಯಾನೊ, ಕಿಕಾಫ್ ಬೇಡ, ಅದರ ಬದಲು ನಾಲ್ಕನೇ ಡೌನ್, ದಾಟಲು 15 ಗಜ ಬಾಕಿ ಎಂಬ ಸ್ಥಿತಿಯಿಂದ ಆಡಿಸಿ ಎಂದು ಸಲಹೆ ಮಾಡಿದರು. ಅದು ಜಾರಿಯಾಗಲಿಲ್ಲ. ಆದರೆ 2012ರಲ್ಲಿ ಕಾಲೇಜು ಆಟದ ಕಿಕಾಫ್ ಐದು ಗಜ ಮುಂದೆ ಬಂತು. ಹೆಚ್ಚು ಒದೆತಗಳು ಎಂಡ್ ಜೋನ್ ತಲುಪಿ ಓಟಗಳು ಕಡಿಮೆಯಾದವು. 2018ರಿಂದ, 25 ಗಜದ ಗೆರೆಯ ಒಳಗೆ ಕೈ ಬೀಸಿ ಚೆಂಡು ಹಿಡಿದರೆ ಓಡುವ ಅಗತ್ಯವೇ ಇಲ್ಲ, ಚೆಂಡು ಆ ಗೆರೆಗೇ ಬರುತ್ತದೆ. ಎಂಡ್ ಜೋನ್‌ನಿಂದ ಓಡಿ ಬಂದ 100 ಗಜದ ಓಟದ ಸೊಗಸು ನನಗೂ ಇಷ್ಟವೇ. ಆದರೂ ಆ ನಿಯಮಗಳು ಸರಿ. ಒಬ್ಬ ಹುಡುಗನ ಬೆನ್ನುಮೂಳೆಗಿಂತ ಆ ಸೊಗಸು ದೊಡ್ಡದಲ್ಲ.

ಈಗ ಬಂದಿರುವ ಹೊಸ ಕಷ್ಟ ಸಂಖ್ಯೆಯದು. ಆಟಗಾರರಿಗೆ ಹಣ ಕೊಡುವ ಕುರಿತ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅದನ್ನು ಒಪ್ಪಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನಕ್ಕಿದ್ದ 85ರ ಮಿತಿ ಹೋಯಿತು, ಬದಲಿಗೆ ಇಡೀ ತಂಡವೇ 105ಕ್ಕೆ ಸೀಮಿತವಾಯಿತು. ಹಿಂದೆ ವಾಕ್-ಆನ್ ಹುಡುಗರು ಸೇರಿ ತಂಡಗಳು ಅದಕ್ಕೂ ದೊಡ್ಡದಾಗಿರುತ್ತಿದ್ದವು. ಆಗಲೇ ತಂಡದಲ್ಲಿದ್ದ ಕೆಲವರಿಗೆ ವಿನಾಯಿತಿ ಸಿಕ್ಕಿದೆ, ಆದರೆ ಹೊಸಬರಿಗೆ ಬಾಗಿಲು ಕಿರಿದಾಗಿದೆ. ಕಿಕಾಫ್‌ನಲ್ಲಿ ಓಡಲು, ಅಭ್ಯಾಸದಲ್ಲಿ ಎದುರಾಳಿಯ ವೇಷ ಹಾಕಿ ನಿಲ್ಲಲು ಸಿದ್ಧವಿದ್ದವರು ಹೆಚ್ಚಾಗಿ ಅಂಥ ಹುಡುಗರೇ. ಅವರು ಕಡಿಮೆಯಾದಷ್ಟೂ ಸ್ಪೆಷಲ್ ಟೀಮ್ಸ್ ಕೋಚ್ ಮುಖ್ಯ ತಂಡದ ಆಟಗಾರರ ಬಳಿಗೇ ಹೋಗಬೇಕಾಗುತ್ತದೆ, ಅವರ ಕೋಚ್‌ಗಳನ್ನು ಒಪ್ಪಿಸಬೇಕಾಗುತ್ತದೆ. ಬೀಮರ್ ಹೆಡ್ ಕೋಚ್ ಆಗಿದ್ದುದರಿಂದ ಅವರಿಗೆ ಅನುಮತಿ ಕೇಳುವ ಅಗತ್ಯ ಬೀಳಲಿಲ್ಲ. ಇವತ್ತಿನ ಸಹಾಯಕ ಕೋಚ್, ಸೋಮವಾರ ಬೆಳಗಿನ ಸಭೆಯಲ್ಲಿ, ಒಬ್ಬೊಬ್ಬ ಹುಡುಗನಿಗಾಗಿಯೂ ಬಾಯಿಬಿಟ್ಟು ಕೇಳಬೇಕು.